ಸಂದರ್ಶನವೇ ಬೇರೆ, ಕೆಲಸವೇ ಬೇರೆ

ಸಾಫ್ಟ್‌ವೇರ್ ಕಂಪನಿಯ ಬಾಗಿಲಲ್ಲಿ ಕೇಳುವ ಪ್ರಶ್ನೆಗೂ ಒಳಗೆ ಹೋದಮೇಲೆ ಮಾಡುವ ಕೆಲಸಕ್ಕೂ ನಡುವೆ ದೊಡ್ಡ ಅಂತರವಿದೆ. ಆ ಅಂತರ ದಾಟಲಾಗದೆ ಹಿಂದೆ ಉಳಿದ ಪ್ರತಿಭಾವಂತರು ನಮ್ಮ ಊರೂರಲ್ಲಿ ಇದ್ದಾರೆ.

ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು ಸೇರಿ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದ 48 ವಿದ್ಯಾರ್ಥಿಗಳನ್ನು ಅವರು ಎರಡು ಗುಂಪು ಮಾಡಿದ್ದರು. ಎಲ್ಲರಿಗೂ ಪ್ರೋಗ್ರಾಮಿಂಗ್ ಲೆಕ್ಕ, ಎಲ್ಲರ ಮುಂದೆಯೂ ವೈಟ್‌ಬೋರ್ಡ್. ಒಂದು ಗುಂಪಿನವರು ಸಂದರ್ಶಕರ ಎದುರು ನಿಂತು, ಏನು ಯೋಚಿಸುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳುತ್ತ ಲೆಕ್ಕ ಬಿಡಿಸಬೇಕಿತ್ತು. ಇನ್ನೊಂದು ಗುಂಪಿನವರನ್ನು ಕೋಣೆಯಲ್ಲಿ ಒಬ್ಬೊಬ್ಬರನ್ನೇ ಬಿಟ್ಟರು. ನೋಡುವವರ ಎದುರು ನಿಂತವರ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಹಾಗೆ ನಿಂತ ಹೆಣ್ಣುಮಕ್ಕಳಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ; ಒಬ್ಬರೇ ಇದ್ದು ಬಿಡಿಸಿದ ಹೆಣ್ಣುಮಕ್ಕಳು ಎಲ್ಲರೂ ತೇರ್ಗಡೆಯಾದರು.

ಗುಂಪು ಚಿಕ್ಕದು, ಇಷ್ಟರಿಂದಲೇ ಕೊನೆಯ ತೀರ್ಪು ಕೊಡಲಾಗದು. ಆದರೆ ಆ ಪ್ರಯೋಗ ಎತ್ತಿದ ಪ್ರಶ್ನೆಯಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಟೆಕ್ ಕಂಪನಿಗಳ ಸಂದರ್ಶನದಲ್ಲಿ ನಾವು ಅಳೆಯುತ್ತಿರುವುದು ಪ್ರೋಗ್ರಾಂ ಬರೆಯುವ ಶಕ್ತಿಯನ್ನೋ, ಅಪರಿಚಿತರ ಮುಂದೆ ಎದೆಗುಂದದೆ ನಿಲ್ಲುವ ಶಕ್ತಿಯನ್ನೋ?

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಪ್ರತಿವರ್ಷ ಸಾವಿರಾರು ಯುವಕ ಯುವತಿಯರು ಇಂಥ ಸಂದರ್ಶನಕ್ಕೆ ಕೂರುತ್ತಾರೆ. ಎಷ್ಟೋ ಜನ ಅವರವರ ಮನೆಯ ಮೊದಲ ಪದವೀಧರರು. ಶಿಕ್ಷಣ ಸಾಲದ ಕಂತು, ತಂಗಿಯ ಓದು, ಅಪ್ಪನ ಬೆಳೆಸಾಲ ಎಲ್ಲವೂ ಸಂದರ್ಶನದ ಮುಕ್ಕಾಲು ಗಂಟೆಯನ್ನು ನೆಚ್ಚಿಕೊಂಡಿರುತ್ತವೆ. ಇಷ್ಟು ಭಾರ ಹೊತ್ತ ಪರೀಕ್ಷೆ ನ್ಯಾಯವಾಗಿರಲೇಬೇಕು. ನ್ಯಾಯವಾದ ಸಂದರ್ಶನದ ಮುಖ್ಯ ಲಕ್ಷಣ ಒಂದೇ: ಮುಂದೆ ಮಾಡಬೇಕಾದ ಕೆಲಸ ಹೇಗಿರುತ್ತದೋ ಸಂದರ್ಶನವೂ ಹಾಗೇ ಇರಬೇಕು.

ಒಗಟುಗಳ ಕಾಲ

ಮೈಕ್ರೋಸಾಫ್ಟ್ ಬೆಳೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಸಂದರ್ಶನಗಳು ಒಗಟುಗಳಿಗೆ ಹೆಸರಾಗಿದ್ದವು. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಏಕೆ ದುಂಡಗಿರುತ್ತದೆ ಎಂದು ಕೇಳುತ್ತಿದ್ದರು. ದುಂಡನೆಯ ಮುಚ್ಚಳವನ್ನು ಹೇಗೆ ತಿರುಗಿಸಿದರೂ ಗುಂಡಿಯೊಳಗೆ ಬೀಳುವುದಿಲ್ಲ ಎಂಬುದು ಅವರು ಮೆಚ್ಚುತ್ತಿದ್ದ ಉತ್ತರ. ಜಪಾನಿನ ಫ್ಯೂಜಿ ಪರ್ವತವನ್ನು ಹೇಗೆ ಸರಿಸುತ್ತೀರಿ ಎಂಬ ಪ್ರಶ್ನೆ ಎಷ್ಟು ಪ್ರಸಿದ್ಧವಾಯಿತೆಂದರೆ, ವಿಲಿಯಂ ಪೌಂಡ್‌ಸ್ಟೋನ್ 2003ರಲ್ಲಿ ಅದನ್ನೇ ಶೀರ್ಷಿಕೆಯಾಗಿಟ್ಟು ಈ ಸಂದರ್ಶನಗಳ ಮೇಲೆ ಪುಸ್ತಕ ಬರೆದರು.

ಗೂಗಲ್ ಇದನ್ನು ಹೆದ್ದಾರಿಗೇ ತಂದಿತು. 2004ರಲ್ಲಿ ಸಿಲಿಕಾನ್ ವ್ಯಾಲಿಯ 101ನೇ ಹೆದ್ದಾರಿಯ ಪಕ್ಕ ಒಂದು ದೊಡ್ಡ ಫಲಕ ಎದ್ದಿತು. ಅದರ ಮೇಲೆ ಕಂಪನಿಯ ಹೆಸರಿಲ್ಲ. ಗಣಿತದಲ್ಲಿ ‘ಇ’ ಎಂದು ಕರೆಯುವ, 2.718ರಿಂದ ಆರಂಭವಾಗಿ ಮುಗಿಯದೆ ಸಾಗುವ ಸಂಖ್ಯೆಯ ಅಂಕಿಗಳಲ್ಲಿ ಸಾಲಾಗಿ ಸಿಗುವ ಮೊದಲ ಹತ್ತಂಕಿಯ ಅವಿಭಾಜ್ಯ ಸಂಖ್ಯೆ ಯಾವುದು? ಅದರ ಮುಂದೆ ‘ಡಾಟ್ ಕಾಮ್’ ಸೇರಿಸಿದರೆ ಒಂದು ವಿಳಾಸ. ಉತ್ತರ 7427466391. ಅಲ್ಲಿಗೆ ಹೋದವರಿಗೆ ಇನ್ನೊಂದು ಒಗಟು, ಅದನ್ನೂ ಬಿಡಿಸಿದವರಿಗೆ ಕೆಲಸಕ್ಕೆ ಅರ್ಜಿ ಹಾಕುವಂತೆ ಆಹ್ವಾನ.

ಇಂಥ ಒಗಟು ಬಿಡಿಸುವುದು ಸಂತೋಷದ ಕೆಲಸ, ಅದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಬಿಡಿಸಿದವರು ಒಳ್ಳೆಯ ಎಂಜಿನಿಯರ್ ಆಗುತ್ತಾರೆಯೇ? ಗೂಗಲ್ ತನ್ನದೇ ದಾಖಲೆಗಳನ್ನು ತೆಗೆದು ನೋಡಿತು. ಸಾವಿರಾರು ಸಂದರ್ಶನಗಳಲ್ಲಿ ಯಾರು ಯಾರಿಗೆ ಎಷ್ಟು ಅಂಕ ಕೊಟ್ಟಿದ್ದರು, ಆಯ್ಕೆಯಾದವರು ಮುಂದೆ ಹೇಗೆ ಕೆಲಸ ಮಾಡಿದರು ಎಂದು ತಾಳೆ ಹಾಕಿತು. ಆಗ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಅದರ ಫಲಿತಾಂಶವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಸಂದರ್ಶಕರು ಕೊಟ್ಟ ಅಂಕಕ್ಕೂ ಮುಂದಿನ ಕೆಲಸಕ್ಕೂ ಸಂಬಂಧವೇ ಕಾಣಲಿಲ್ಲ. ಒಗಟುಗಳು ಪೂರ್ತಿ ವ್ಯರ್ಥ. ಕೇಳುವವರಿಗೆ ತಾವು ಜಾಣರೆಂಬ ಭಾವ ತರುವುದನ್ನು ಬಿಟ್ಟರೆ ಅವುಗಳಿಂದ ಬೇರೆ ಉಪಯೋಗವಿಲ್ಲ. ಕಾಲೇಜಿನ ಅಂಕಪಟ್ಟಿಯೂ ಓದು ಮುಗಿಸಿದ ಎರಡು ಮೂರು ವರ್ಷಗಳ ಆಚೆಗೆ ಏನನ್ನೂ ತಿಳಿಸುವುದಿಲ್ಲ. ಒಬ್ಬ ಅಭ್ಯರ್ಥಿಯನ್ನು ಹತ್ತಾರು ಸಲ ಕರೆಸುವ ಅಗತ್ಯವೂ ಇಲ್ಲ, ನಾಲ್ಕು ಸಂದರ್ಶನ ಸಾಕು ಎಂಬ ನಿಯಮವನ್ನೂ ಗೂಗಲ್ ಮಾಡಿಕೊಂಡಿತು.

ಪ್ರಶ್ನೆ ಕೇಳುವುದಕ್ಕೂ ಶಿಸ್ತು

ಗೂಗಲ್ ತನ್ನ ಲೆಕ್ಕದಲ್ಲಿ ಕಂಡುಕೊಂಡದ್ದನ್ನು ಮನಶ್ಶಾಸ್ತ್ರಜ್ಞರು ಬಹಳ ಮೊದಲೇ ಬಲ್ಲವರಾಗಿದ್ದರು. 1955ರಲ್ಲಿ ಇಸ್ರೇಲಿ ಸೇನೆಯಲ್ಲಿದ್ದ ಡೇನಿಯಲ್ ಕಾನೆಮನ್ ಎಂಬ ಯುವ ಅಧಿಕಾರಿಗೆ, ಹೊಸ ಸೈನಿಕರ ಸಂದರ್ಶನದ ವಿಧಾನವನ್ನು ಸುಧಾರಿಸುವ ಕೆಲಸ ಸಿಕ್ಕಿತು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಇವರೇ. ಅಲ್ಲಿಯವರೆಗೆ ಸಂದರ್ಶಕರು ಹದಿನೈದಿಪ್ಪತ್ತು ನಿಮಿಷ ಮಾತಾಡಿಸಿ, ಹುಡುಗ ಹೇಗನ್ನಿಸಿದ ಎಂಬುದರ ಮೇಲೆ ತೀರ್ಮಾನ ಕೊಡುತ್ತಿದ್ದರು. ಆ ತೀರ್ಮಾನಗಳು ಹೆಚ್ಚುಕಡಿಮೆ ನಿರುಪಯುಕ್ತ ಎಂದು ಗೊತ್ತಾಗಿತ್ತು.

ಕಾನೆಮನ್ ಆರು ಗುಣಗಳನ್ನು ಆರಿಸಿಕೊಂಡರು. ಹೊಣೆಗಾರಿಕೆ, ಜನರೊಡನೆ ಬೆರೆಯುವ ಸ್ವಭಾವ ಇಂಥವು. ಒಂದೊಂದು ಗುಣಕ್ಕೂ ವಾಸ್ತವದ ಪ್ರಶ್ನೆಗಳು: ಈ ಮೊದಲು ಎಲ್ಲೆಲ್ಲಿ ಕೆಲಸ ಮಾಡಿದ್ದೀಯ, ಕೆಲಸಕ್ಕೆ ವೇಳೆಗೆ ಸರಿಯಾಗಿ ಹೋಗುತ್ತಿದ್ದೆಯಾ, ಗೆಳೆಯರನ್ನು ಎಷ್ಟು ಸಲ ಕಾಣುತ್ತೀಯ. ಒಂದು ಗುಣಕ್ಕೆ ಅಂಕ ಬರೆದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಟ್ಟಾದರು. ಅವರ ಸಮಾಧಾನಕ್ಕೆ ಕಾನೆಮನ್ ಒಂದು ಅವಕಾಶ ಕೊಟ್ಟರು: ಎಲ್ಲ ಅಂಕ ಬರೆದು ಮುಗಿದ ಮೇಲೆ ಕಣ್ಣು ಮುಚ್ಚಿ, ಈ ಹುಡುಗ ಸೈನಿಕನಾಗಿ ಹೇಗಿರಬಹುದೆಂದು ಊಹಿಸಿ ಇನ್ನೊಂದು ಅಂಕ ಕೊಡಿ. ಹೊಸ ವಿಧಾನ ಹಳೆಯದಕ್ಕಿಂತ ಎಷ್ಟೋ ಚೆನ್ನಾಗಿ ಫಲ ಕೊಟ್ಟಿತು. ವಿಶೇಷವೆಂದರೆ, ಕೊನೆಯಲ್ಲಿ ಕಣ್ಣು ಮುಚ್ಚಿ ಕೊಟ್ಟ ಅಂಕವೂ ಸರಿಯಾಗಿಯೇ ಇತ್ತು. ಒಳಮನಸ್ಸಿನ ಮಾತಿಗೆ ಬೆಲೆಯಿದೆ, ಆದರೆ ಅದನ್ನು ಪುರಾವೆ ಕಲೆಹಾಕಿದ ಮೇಲೆ ಕೇಳಬೇಕು.

ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ, ನೇಮಕಾತಿಯ ಯಾವ ವಿಧಾನ ಎಷ್ಟು ನಂಬಬಹುದಾದದ್ದು ಎಂದು ಪಟ್ಟಿ ಮಾಡಿದರು. ಅಭ್ಯರ್ಥಿಯಿಂದ ಕೆಲಸದ ಒಂದು ಮಾದರಿಯನ್ನು ಮಾಡಿಸಿ ನೋಡುವುದು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಮೊದಲೇ ನಿಗದಿಯಾದ ಅಳತೆಯಲ್ಲಿ ಅಂಕ ಕೊಡುವುದು ಮೇಲಿನ ಸಾಲಿನಲ್ಲಿದ್ದವು. ಎಷ್ಟು ವರ್ಷದ ಅನುಭವ ಎಂಬುದು ಕೆಳಗಿತ್ತು. ಕೈಬರಹ ನೋಡಿ ಗುಣ ಹೇಳುವ ವಿದ್ಯೆ ಸೊನ್ನೆಯ ಹತ್ತಿರ ಬಂದು ನಿಂತಿತು. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಈ ಲೆಕ್ಕವನ್ನು ಮತ್ತೆ ಪರಿಶೀಲಿಸಿ, ಬಹುಪಾಲು ವಿಧಾನಗಳ ಬಲ ಹಿಂದೆ ಎಣಿಸಿದ್ದಕ್ಕಿಂತ ಕಡಿಮೆಯೇ ಎಂದರು. ಆದರೂ ಅವರ ಪಟ್ಟಿಯ ಮೇಲ್ತುದಿಯಲ್ಲಿ ನಿಂತದ್ದು ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಇರುವ ಶಿಸ್ತಿನ ಸಂದರ್ಶನವೇ.

ನಮ್ಮಲ್ಲಿ ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವ ಹಿರಿಯರು ಅವರಿಂದ ಅಡುಗೆಶಾಸ್ತ್ರದ ಭಾಷಣ ಕೇಳುವುದಿಲ್ಲ. ಅವರು ಅಡುಗೆ ಮಾಡಿದ ಇನ್ನೊಂದು ಮನೆಯ ಪಂಕ್ತಿಯಲ್ಲಿ ಕೂತು ಉಂಡು ಬರುತ್ತಾರೆ. ಸಂಶೋಧಕರು ಅಂಕಿಗಳಲ್ಲಿ ಹೇಳಿದ್ದೂ ಅದೇ ವಿವೇಕವನ್ನು.

ವೈಟ್‌ಬೋರ್ಡಿನ ಮುಂದೆ

ಒಗಟುಗಳು ಹೋದವು, ಅವುಗಳ ಜಾಗಕ್ಕೆ ಅಲ್ಗಾರಿದಂ ಪ್ರಶ್ನೆಗಳು ಬಂದವು. ಇವತ್ತು ದೊಡ್ಡ ಟೆಕ್ ಕಂಪನಿಯ ಸಂದರ್ಶನವೆಂದರೆ ಹೀಗೆ: ಮೊದಲು ರಿಕ್ರೂಟರ್ ಫೋನು, ಆಮೇಲೆ ಆನ್‌ಲೈನ್ ಪರೀಕ್ಷೆ, ನಂತರ ಮುಕ್ಕಾಲು ಗಂಟೆಯ ನಾಲ್ಕೈದು ರೌಂಡ್. ಕೆಲವು ರೌಂಡ್ ಕೋಡಿಂಗ್, ಅನುಭವಿಗಳಿಗಾದರೆ ಒಂದು ಸಿಸ್ಟಂ ಡಿಸೈನ್, ಇನ್ನೊಂದು ನಡವಳಿಕೆಯ ಬಗ್ಗೆ. ಗೂಗಲ್‌ನಲ್ಲಿ ಸಂದರ್ಶಕರು ತಮ್ಮ ಟಿಪ್ಪಣಿ ಬರೆದಿಡುತ್ತಾರೆ, ಅಭ್ಯರ್ಥಿಯ ಮುಖವನ್ನೇ ನೋಡದ ಒಂದು ಸಮಿತಿ ಅದನ್ನು ಓದಿ ತೂಗುತ್ತದೆ. ಅಮೆಜಾನ್‌ನಲ್ಲಿ ‘ಬಾರ್ ರೈಸರ್’ ಎಂಬ ಒಬ್ಬರು ಬೇರೆ ತಂಡದಿಂದ ಬಂದು ಕೂರುತ್ತಾರೆ. ಹೇಗಾದರೂ ಜಾಗ ತುಂಬಿದರೆ ಸಾಕೆಂದು ತಂಡ ಅವಸರಪಟ್ಟರೆ ತಡೆಯುವ ಅಧಿಕಾರ ಅವರಿಗಿದೆ. ಇವೆರಡೂ ಒಬ್ಬರ ಮರ್ಜಿಗೆ ಕಡಿವಾಣ ಹಾಕುವ ಒಳ್ಳೆಯ ಪದ್ಧತಿಗಳು.

ತೊಡಕಿರುವುದು ಕೋಡಿಂಗ್ ರೌಂಡಿನಲ್ಲಿ. ಮ್ಯಾಕ್ ಕಂಪ್ಯೂಟರ್ ಬಳಸುವ ಪ್ರೋಗ್ರಾಮರ್‌ಗಳಿಗೆಲ್ಲ ಚಿರಪರಿಚಿತವಾದ ‘ಹೋಂಬ್ರೂ’ ತಂತ್ರಾಂಶವನ್ನು ಬರೆದ ಮ್ಯಾಕ್ಸ್ ಹೋವೆಲ್ 2015ರಲ್ಲಿ ಗೂಗಲ್ ಸಂದರ್ಶನಕ್ಕೆ ಹೋಗಿ ಆಯ್ಕೆಯಾಗದೆ ಬಂದರು. ನಿಮ್ಮ ಎಂಜಿನಿಯರ್‌ಗಳೇ ನನ್ನ ತಂತ್ರಾಂಶ ಬಳಸುತ್ತಾರೆ, ಆದರೆ ಬೋರ್ಡಿನ ಮೇಲೆ ಬೈನರಿ ಟ್ರೀ (ದತ್ತಾಂಶವನ್ನು ಕವಲುಕವಲಾಗಿ ಜೋಡಿಸುವ ರಚನೆ) ತಿರುಗಿಸಲು ಬಾರದ್ದಕ್ಕೆ ನಾನು ಬೇಡವಾದೆ ಎಂಬ ಅರ್ಥದಲ್ಲಿ ಅವರು ಟ್ವೀಟ್ ಮಾಡಿದಾಗ ಜಗತ್ತಿನ ಮೂಲೆಮೂಲೆಯ ಪ್ರೋಗ್ರಾಮರ್‌ಗಳು ದನಿಗೂಡಿಸಿದರು. ಕಂಪನಿಯ ನಿರ್ಧಾರ ಸರಿಯೋ ತಪ್ಪೋ, ಒಂದು ಮಾತು ಸ್ಪಷ್ಟವಾಯಿತು: ಸಾವಿರಾರು ಜನ ದಿನವೂ ಬಳಸುವ ತಂತ್ರಾಂಶ ಕಟ್ಟಿದ ಕೈಯನ್ನು ಆ ಮುಕ್ಕಾಲು ಗಂಟೆ ಗುರುತಿಸಲಿಲ್ಲ.

ಪರೀಕ್ಷೆ ಇದ್ದಲ್ಲಿ ತಯಾರಿಯ ಮಾರುಕಟ್ಟೆಯೂ ಹುಟ್ಟುತ್ತದೆ. ಗೇಲ್ ಲಾಕ್‌ಮನ್ ಮೆಕ್‌ಡೊವೆಲ್ ಬರೆದ ಕೋಡಿಂಗ್ ಸಂದರ್ಶನದ ಕೈಪಿಡಿ ಬೆಂಗಳೂರಿನ ಪಿಜಿಗಳಲ್ಲಿ ಪಠ್ಯಪುಸ್ತಕವಾಗಿದೆ. ಲೀಟ್‌ಕೋಡ್ ತಾಣದಲ್ಲಿ ನೂರಾರು ಲೆಕ್ಕ ಬಿಡಿಸುವುದು ನೌಕರಿ ಬದಲಿಸುವವರ ರಾತ್ರಿಗಳ ದಿನಚರಿ. ಕೆಲಸದಿಂದ ಬಂದು ಮಗುವನ್ನು ಮಲಗಿಸಿ, ಅತ್ತೆ ಮಾವನ ಔಷಧಿ ನೋಡಿ, ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ತೆರೆಯುವ ಹೆಣ್ಣುಮಗಳಿಗೂ, ಊಟ ತಿಂಡಿಯ ಚಿಂತೆಯಿಲ್ಲದ ಇಪ್ಪತ್ಮೂರರ ಹುಡುಗನಿಗೂ ಈ ತಯಾರಿಗೆ ಸಿಗುವ ಹೊತ್ತು ಒಂದೇ ಅಲ್ಲ. ಕೆಲಸಕ್ಕೆ ಸಂಬಂಧಿಸದ ಪರೀಕ್ಷೆ ಬಿಡುವಿರುವವರ ಕಡೆಗೆ ವಾಲುತ್ತದೆ.

ಒಳಗೆ ಹೋದ ಮೇಲೆ

ಹಾಗಾದರೆ ಒಳಗಿನ ಕೆಲಸ ಹೇಗಿರುತ್ತದೆ? ಹೊಸಬರ ಮೊದಲ ವಾರಗಳು ಬರೆಯುವುದಕ್ಕಿಂತ ಓದುವುದರಲ್ಲಿ ಕಳೆಯುತ್ತವೆ. ಎಂದೋ ಕಂಪನಿ ಬಿಟ್ಟುಹೋದ ಯಾರೋ ಬರೆದ ಸಾವಿರಾರು ಸಾಲುಗಳ ಕೋಡ್ ಮುಂದಿರುತ್ತದೆ. ಅದರಲ್ಲಿ ಎಲ್ಲೋ ಒಂದು ಬಗ್. ಮುಟ್ಟಿದರೆ ಬೇರೆ ಏನು ಕೆಡುತ್ತದೋ ಎಂಬ ಭಯ. ಸರಿಪಡಿಸಿದ್ದನ್ನು ಕೋಡ್ ರಿವ್ಯೂಗೆ ಕಳಿಸಿದರೆ ಹಿರಿಯರು ಹತ್ತು ಟಿಪ್ಪಣಿ ಬರೆದು ಹಿಂದಕ್ಕೆ ಕಳಿಸುತ್ತಾರೆ. ಬೆಳಿಗ್ಗೆ ಸ್ಟ್ಯಾಂಡಪ್, ಸಂಜೆ ಅಮೆರಿಕದ ತಂಡದ ಜೊತೆ ಕಾಲ್, ಆನ್‌ಕಾಲ್ ಸರದಿ ಬಂದರೆ ನಡುರಾತ್ರಿ ಫೋನು. ಮರೆತದ್ದನ್ನು ಹುಡುಕಿ ನೋಡಬೇಡ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು, ಶುಕ್ರವಾರದ ಡೆಡ್‌ಲೈನ್‌ಗೆ ಆಗುವುದಿಲ್ಲ ಎಂಬುದನ್ನು ಮಂಗಳವಾರವೇ ತಿಳಿಸುವವರು, ತಾವು ಮಾಡಿದ್ದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆದಿಡುವವರು ತಂಡದ ಬೆನ್ನೆಲುಬಾಗುತ್ತಾರೆ. ಇವುಗಳಲ್ಲಿ ಬಹುಪಾಲು ಗುಣಗಳನ್ನು ಬೈನರಿ ಟ್ರೀ ಅಳೆಯಲಾರದು.

ಇದಕ್ಕೂ ಗೂಗಲ್‌ನ ಅಧ್ಯಯನವೇ ಸಾಕ್ಷಿ. ಒಳ್ಳೆಯ ಮ್ಯಾನೇಜರ್ ಯಾರು ಎಂದು ಹುಡುಕಿದ ‘ಪ್ರಾಜೆಕ್ಟ್ ಆಕ್ಸಿಜನ್’ ಎಂಟು ಗುಣಗಳನ್ನು ಮಹತ್ವದ ಕ್ರಮದಲ್ಲಿ ಪಟ್ಟಿ ಮಾಡಿತು. ತಾಂತ್ರಿಕ ಜ್ಞಾನ ಎಂಟನೆಯದು. ಆಮೇಲೆ ಸುಮಾರು 180 ತಂಡಗಳನ್ನು ಪರಿಶೀಲಿಸಿದ ‘ಪ್ರಾಜೆಕ್ಟ್ ಅರಿಸ್ಟಾಟಲ್’, ತಂಡದಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಅವರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಮುಖ್ಯ ಎಂದಿತು. ತಪ್ಪು ಒಪ್ಪಿಕೊಂಡರೂ, ಪೆದ್ದು ಪ್ರಶ್ನೆ ಕೇಳಿದರೂ ಇಲ್ಲಿ ಯಾರೂ ಅವಮಾನಿಸುವುದಿಲ್ಲ ಎಂಬ ಧೈರ್ಯ ಇರುವ ತಂಡಗಳೇ ಮುಂದಿದ್ದವು. ಭಯವಿಲ್ಲದ ವಾತಾವರಣದಲ್ಲಿ ಅರಳುವವರನ್ನು ಭಯ ಹುಟ್ಟಿಸುವ ಸಂದರ್ಶನದಿಂದ ಆರಿಸಲು ಹೊರಟಿರುವುದೇ ಇಲ್ಲಿನ ವಿಪರ್ಯಾಸ.

ನಮ್ಮ ಕ್ಯಾಂಪಸ್‌ಗಳಲ್ಲಿ

ಕರ್ನಾಟಕದ ಬಹುಪಾಲು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಟೆಕ್ ಸಂದರ್ಶನ ಎಂದರೆ ಕ್ಯಾಂಪಸ್ ಸೆಲೆಕ್ಷನ್. ಪುಣೆಯಲ್ಲಿ 1981ರಲ್ಲಿ ಹುಟ್ಟಿದ ಇನ್ಫೊಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆಯಿತು. ಮುಂದಿನ ದಶಕಗಳಲ್ಲಿ ಭಾರತೀಯ ಐಟಿ ಕಂಪನಿಗಳು ವರ್ಷಕ್ಕೆ ಸಾವಿರಗಟ್ಟಲೆ ಫ್ರೆಷರ್‌ಗಳನ್ನು ತೆಗೆದುಕೊಳ್ಳುವ ಒಂದು ವ್ಯವಸ್ಥೆಯನ್ನೇ ಕಟ್ಟಿದವು. ಈಗೇನು ಗೊತ್ತು ಎನ್ನುವುದಕ್ಕಿಂತ ಹೊಸದನ್ನು ಎಷ್ಟು ಬೇಗ ಕಲಿಯಬಲ್ಲರು ಎಂಬುದನ್ನು ನೋಡುತ್ತೇವೆ ಎಂಬುದು ಇನ್ಫೊಸಿಸ್ ಬಹುಕಾಲ ಹೇಳಿಕೊಂಡು ಬಂದ ತತ್ವ. ಮೆಕ್ಯಾನಿಕಲ್, ಸಿವಿಲ್ ಓದಿದವರೂ ಆಪ್ಟಿಟ್ಯೂಡ್ ಪರೀಕ್ಷೆ ಪಾಸು ಮಾಡಿ, ಮೈಸೂರಿನ ಕ್ಯಾಂಪಸ್‌ನಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆದು ಪ್ರೋಗ್ರಾಮರ್‌ಗಳಾದರು. ಇದರಿಂದ ನಾಡಿನ ಸಾವಿರಾರು ಮಧ್ಯಮ ವರ್ಗದ ಮನೆಗಳ ಬದುಕು ಬದಲಾಯಿತು. ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು.

ಆದರೆ ಆ ಬಾಗಿಲಿಗೆ ಬರುವ ಮೊದಲೇ ಒಂದು ಜರಡಿಯಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ 60 ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎಂಬುದು ಪ್ಲೇಸ್‌ಮೆಂಟ್ ನೋಟಿಸ್‌ಗಳಲ್ಲಿ ಪದೇ ಪದೇ ಕಾಣುವ ಷರತ್ತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ದಿನವೇ ಭೌತಶಾಸ್ತ್ರವನ್ನೂ ಗಣಿತವನ್ನೂ ಇಂಗ್ಲಿಷಿನಲ್ಲಿ ಎದುರಿಸಿದ ಮಗುವಿನ ಅಂಕ ಆ ಎರಡು ವರ್ಷ ಕುಸಿಯುವುದನ್ನು ನಮ್ಮ ಉಪನ್ಯಾಸಕರೆಲ್ಲ ಕಂಡಿದ್ದಾರೆ. ಬಿಇ ಮುಗಿಸುವ ಹೊತ್ತಿಗೆ ಆ ಮಗು ಚೇತರಿಸಿಕೊಂಡು ಮುಂದೆ ಬಂದಿರಬಹುದು. ಹದಿನೇಳನೆಯ ವಯಸ್ಸಿನ ಅಂಕಪಟ್ಟಿ ಮಾತ್ರ ಬದಲಾಗುವುದಿಲ್ಲ. ಓದು ಮುಗಿದ ಕೆಲವೇ ವರ್ಷಕ್ಕೆ ಅಂಕಗಳು ಅರ್ಥ ಕಳೆದುಕೊಳ್ಳುತ್ತವೆ ಎಂಬುದು ಗೂಗಲ್ ಕಂಡ ಸತ್ಯವಾದರೆ, ಹೊಸ ಭಾಷೆಗೆ ಒಗ್ಗಿಕೊಳ್ಳುತ್ತಿದ್ದ ದಿನಗಳ ಅಂಕದಿಂದ ಒಬ್ಬರನ್ನು ಹೊರಗಿಡುವುದಕ್ಕೆ ಯಾವ ಸಮರ್ಥನೆ ಇದೆ?

ಜರಡಿ ದಾಟಿದವರಿಗೆ ಮುಂದಿನ ತೊಡಕು ಮಾತಿನದು. ಯೋಚಿಸುತ್ತ ಯೋಚಿಸುತ್ತಲೇ ಹೇಳಬೇಕು, ಅದೂ ಇಂಗ್ಲಿಷಿನಲ್ಲಿ. ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಬೆಳೆಸಿದ ಮಕ್ಕಳಿಂದ ಸಂದರ್ಶಕರು ಮರುಪ್ರಶ್ನೆಯನ್ನು ಬಯಸುತ್ತಾರೆ. ತನ್ನದನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಕಲಿತವರು ಪ್ರಾಜೆಕ್ಟ್‌ನಲ್ಲಿ ತಮ್ಮ ಪಾಲಿನ ಕೆಲಸ ಎಷ್ಟು ಎಂದು ಹೇಳಲು ಹಿಂಜರಿಯುತ್ತಾರೆ. ಪ್ರಶ್ನೆಯನ್ನು ಪೂರ್ತಿ ಅರ್ಥ ಮಾಡಿಕೊಳ್ಳಲು ತೆಗೆದುಕೊಂಡ ಅರ್ಧ ನಿಮಿಷದ ಮೌನ ಅಜ್ಞಾನದಂತೆ ಕಾಣುತ್ತದೆ. ಬುದ್ಧಿಯ ಕೊರತೆ ಇಲ್ಲಿಲ್ಲ. ಅಭ್ಯಾಸ ಮಾಡಿಸದೆ ಪರೀಕ್ಷೆಗೆ ಕೂರಿಸಿದ್ದೇವೆ, ಅಷ್ಟೆ.

ಆಫರ್ ಲೆಟರ್ ಕೈಗೆ ಬಂದರೂ ಪರೀಕ್ಷೆ ಮುಗಿಯುವುದಿಲ್ಲ. 2022ರಲ್ಲಿ ಆಫರ್ ಪಡೆದು, ಎರಡು ವರ್ಷದಷ್ಟು ಕಾದು ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್ ಸೇರಿದವರಲ್ಲಿ 300ಕ್ಕೂ ಹೆಚ್ಚು ತರಬೇತಿ ನಿರತರು 2025ರ ಫೆಬ್ರುವರಿಯಲ್ಲಿ ಹೊರನಡೆಯಬೇಕಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂದು ಕಂಪನಿ ಹೇಳಿತು. ನಿಯಮದ ಮಾತು ಹಾಗಿರಲಿ. ಎರಡು ವರ್ಷ ಕಾಯಿಸಿದ ಮೇಲೆ ಕೆಲವೇ ತಿಂಗಳಲ್ಲಿ ಮುಗಿದುಹೋಗುವ ಕೆಲಸ, ಊರಿಗೆ ಮರಳುವ ಮಕ್ಕಳ ಆತ್ಮವಿಶ್ವಾಸಕ್ಕೆ ಕೊಡುವ ಪೆಟ್ಟನ್ನು ಯಾವ ಅಂಕಪಟ್ಟಿಯೂ ದಾಖಲಿಸುವುದಿಲ್ಲ.

ಎಐ ಬಂದ ಮೇಲೆ

ಈಗ ಈ ವ್ಯವಸ್ಥೆಯ ಬುಡವನ್ನೇ ಕೃತಕ ಬುದ್ಧಿಮತ್ತೆ ಅಲುಗಾಡಿಸಿದೆ. ಲೀಟ್‌ಕೋಡ್ ಬಗೆಯ ಲೆಕ್ಕವನ್ನು ಎಐ ಕ್ಷಣಾರ್ಧದಲ್ಲಿ ಬಿಡಿಸುತ್ತದೆ. ವಿಡಿಯೊ ಸಂದರ್ಶನದಲ್ಲಿ ಎದುರಿನವರಿಗೆ ಕಾಣದಂತೆ ಉತ್ತರ ತೋರಿಸುವ ತಂತ್ರಾಂಶಗಳೂ ಬಂದಿವೆ. ಕನಿಷ್ಠ ಒಂದು ರೌಂಡನ್ನಾದರೂ ಮುಖಾಮುಖಿ ನಡೆಸುವ ಪದ್ಧತಿಗೆ ಮರಳುತ್ತಿರುವುದಾಗಿ ಗೂಗಲ್‌ನ ಸುಂದರ್ ಪಿಚೈ 2025ರಲ್ಲಿ ಹೇಳಿದರು. ಅದೇ ವರ್ಷ ವಿನ್ಯಾಸ ತಂತ್ರಾಂಶದ ಕ್ಯಾನ್ವಾ ಕಂಪನಿ ಬೇರೆ ದಾರಿ ಹಿಡಿಯಿತು. ನಮ್ಮ ಎಂಜಿನಿಯರ್‌ಗಳು ದಿನವೂ ಎಐ ಬಳಸುತ್ತಾರೆ, ಆದ್ದರಿಂದ ಸಂದರ್ಶನದಲ್ಲೂ ಬಳಸಿ ಎಂದು ಅಭ್ಯರ್ಥಿಗಳಿಗೆ ತಿಳಿಸಿ, ಪ್ರಶ್ನೆಗಳನ್ನೇ ಬದಲಿಸಿತು. ಗೊಂದಲದ ಸಮಸ್ಯೆಯೊಂದನ್ನು ಮುಂದಿಟ್ಟು, ಎಐ ಕೊಟ್ಟ ಕೋಡಿನಲ್ಲಿ ತಪ್ಪೆಲ್ಲಿದೆ ಎಂದು ಕಂಡುಹಿಡಿಯುವ, ಅದನ್ನು ತಿದ್ದುವ ವಿವೇಕ ಇದೆಯೇ ಎಂದು ನೋಡುವುದು ಇದರ ಗುರಿ.

ನನಗೆ ಎರಡನೆಯ ದಾರಿಯೇ ಸರಿಯೆನ್ನಿಸುತ್ತದೆ. ಮೋಸ ತಡೆಯುವ ಕಾವಲು ಬೇಕು, ನಿಜ. ಆದರೆ ಯಂತ್ರ ಬಿಡಿಸಬಲ್ಲ ಲೆಕ್ಕವನ್ನು ಮನುಷ್ಯರಿಂದ ಮತ್ತೆ ಮತ್ತೆ ಬಿಡಿಸುವುದರಲ್ಲಿ ಉಳಿದ ಅರ್ಥವೇನು? ಬೇರೆಯವರ ಕೋಡ್ ಓದುವುದು, ಸಂಶಯ ಬಂದಲ್ಲಿ ನಿಲ್ಲುವುದು, ಗ್ರಾಹಕರಿಗೆ ನಿಜವಾಗಿ ಏನು ಬೇಕೆಂದು ಕೇಳಿ ತಿಳಿಯುವುದು ನಾಳೆಯ ಎಂಜಿನಿಯರ್‌ಗೆ ಇನ್ನೂ ಹೆಚ್ಚು ಬೇಕಾಗುತ್ತವೆ. ಇವನ್ನು ಪರೀಕ್ಷಿಸಲು ಕಂಪನಿಗಳಿಗೆ ಇಷ್ಟು ಒಳ್ಳೆಯ ಸಂದರ್ಭ ಹಿಂದೆಂದೂ ಬಂದಿರಲಿಲ್ಲ.

ಆಗಬೇಕಾದದ್ದು

ವಿದ್ಯಾರ್ಥಿಗಳು ಮಾಡಬಹುದಾದದ್ದು ಬಹಳವಿದೆ. ಲೆಕ್ಕವೊಂದನ್ನು ತೆಗೆದುಕೊಂಡು ಗೆಳೆಯರ ಮುಂದೆ ಬಾಯಿಬಿಟ್ಟು ಬಿಡಿಸಿ. ಮೊದಲು ಕನ್ನಡದಲ್ಲೇ ಹೇಳಿ. ಯೋಚನೆಗೆ ದಾರಿ ಸಿಕ್ಕಿದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದು ಸುಲಭ. ಪ್ರಶ್ನೆ ಸಿಕ್ಕ ತಕ್ಷಣ ಬರೆಯಲು ಹೋಗಬೇಡಿ, ಅರ್ಥವಾಗದ್ದನ್ನು ಧೈರ್ಯವಾಗಿ ಕೇಳಿ. ಒಂದು ನಿಮಿಷ ಯೋಚಿಸುತ್ತೇನೆ ಎಂದು ಹೇಳಿ ಸುಮ್ಮನಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ತಂಡದ ಪ್ರಾಜೆಕ್ಟ್‌ನಲ್ಲಿ ನೀವು ಮಾಡಿದ ಭಾಗ, ಅಲ್ಲಿ ಎದುರಾದ ತೊಡಕು, ಅದಕ್ಕೆ ಕಂಡ ಪರಿಹಾರ ಮೂರನ್ನೂ ನಿಮ್ಮ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಚಿಕ್ಕದಾದರೂ ನಾಲ್ಕು ಜನ ಬಳಸುವಂಥ ಒಂದು ತಂತ್ರಾಂಶ ಮಾಡಿ. ಅದರ ಬಗ್ಗೆ ಕೇಳಿದಾಗ ಉತ್ತರ ತಾನಾಗಿ ಬರುತ್ತದೆ.

ಕಾಲೇಜುಗಳು ಈ ಅಭ್ಯಾಸವನ್ನು ಏಳನೆಯ ಸೆಮಿಸ್ಟರ್‌ನ ಪ್ಲೇಸ್‌ಮೆಂಟ್ ತರಬೇತಿಗೆ ಕಾಯದೆ ಮೊದಲ ವರ್ಷದ ಲ್ಯಾಬ್‌ನಲ್ಲೇ ಶುರುಮಾಡಬೇಕು. ಲ್ಯಾಬ್ ರೆಕಾರ್ಡ್ ನಕಲು ಮಾಡಿಸುವ ಹೊತ್ತಿನಲ್ಲಿ ಅರ್ಧವನ್ನು ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ವಿವರಿಸುವುದಕ್ಕೆ ಕೊಟ್ಟರೂ ದೊಡ್ಡ ಬದಲಾವಣೆ ಆಗುತ್ತದೆ.

ಕಂಪನಿಗಳಿಗೆ ಹೇಳಬೇಕಾದದ್ದು ಇನ್ನೂ ನೇರವಾದದ್ದು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಇಟ್ಟುಕೊಳ್ಳಿ. ಬೋರ್ಡಿನ ಬದಲು ಲ್ಯಾಪ್‌ಟಾಪ್ ಕೊಟ್ಟು, ನಿಮ್ಮಲ್ಲಿ ನಿಜಕ್ಕೂ ಬಂದಿದ್ದ ಒಂದು ಬಗ್ ಹುಡುಕಿಸಿ. ಹತ್ತು ನಿಮಿಷ ಅಭ್ಯರ್ಥಿಯನ್ನು ಒಬ್ಬರನ್ನೇ ಬಿಟ್ಟು, ಆಮೇಲೆ ಬಂದು ಮಾತಾಡಿಸಿ. ಪಿಯುಸಿ ಅಂಕದ ಜರಡಿಯನ್ನು ತೆಗೆದುಹಾಕಿ.

ಕೊನೆಯದಾಗಿ, ಬೇಡವೆಂದವರಿಗೆ ಕಾರಣ ತಿಳಿಸಿ. ಇವತ್ತು ನಮ್ಮ ಮಕ್ಕಳಲ್ಲಿ ಬಹುಮಂದಿಗೆ ಸಿಗುವುದು ಯಂತ್ರ ಕಳಿಸಿದ ಒಂದು ಸಾಲಿನ ಇಮೇಲ್, ಇಲ್ಲವೇ ಅದೂ ಇಲ್ಲ. ಎಲ್ಲಿ ಎಡವಿದೆ ಎಂದು ತಿಳಿಯದವರು ಮುಂದಿನ ಸಲವೂ ಅಲ್ಲೇ ಎಡವುತ್ತಾರೆ, ಬರಬರುತ್ತ ತಮ್ಮ ಯೋಗ್ಯತೆಯನ್ನೇ ಅನುಮಾನಿಸುತ್ತಾರೆ. ಲೆಕ್ಕ ಸರಿಯಿತ್ತು, ಪರೀಕ್ಷಿಸಿ ನೋಡಲಿಲ್ಲ. ಕೋಡ್ ಚೆನ್ನಾಗಿತ್ತು, ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಇಂಥ ಎರಡು ಸಾಲು ಬರೆಯಲು ಸಂದರ್ಶಕರಿಗೆ ಐದು ನಿಮಿಷ ಸಾಕು, ಏಕೆಂದರೆ ಅವರ ಟಿಪ್ಪಣಿಯಲ್ಲಿ ಅದು ಆಗಲೇ ಇರುತ್ತದೆ. ಕಲಿಯುವ ಶಕ್ತಿಯನ್ನೇ ನೋಡಿ ಆರಿಸುತ್ತೇವೆ ಎನ್ನುವ ಕಂಪನಿಗಳು, ಆರಿಸದೆ ಬಿಟ್ಟವರಿಗೂ ಕಲಿಯುವ ಅವಕಾಶ ಕೊಡಬೇಕಾದದ್ದು ನ್ಯಾಯ. ಸಂದರ್ಶನದ ಬಾಗಿಲಿಂದ ಹೊರಬರುವ ಪ್ರತಿಯೊಬ್ಬರೂ ಕೆಲಸವನ್ನಾದರೂ ತರಲಿ, ಪಾಠವನ್ನಾದರೂ ತರಲಿ. ಇಷ್ಟನ್ನು ಬೇಡುವ ಹಕ್ಕು ನಮ್ಮ ಮಕ್ಕಳಿಗಿದೆ.